ಸೇತುವೆಯ ಮೇಲಿನ ಬಿಳಿ ಜಾಗ

"ಇಳಿಸಿ," ಎಂದಳು ಒರ್ತಾನ್ಸ್.

ಅವಳ ಗಂಡ ಫಿರ್ಮಿನ್‌ನ ಶವಪೆಟ್ಟಿಗೆ ಹೊತ್ತಿದ್ದ ನಾಲ್ವರೂ ಅವನಂತೆಯೇ ಚಿತ್ರಕಾರರು, ಜೀವದ ಗೆಳೆಯರು. ಸೇನ್ ನದಿಯ ಸೇತುವೆ ಹತ್ತುವ ಮುನ್ನ, ದಡದಲ್ಲೇ ಪೆಟ್ಟಿಗೆ ಇಳಿಸಿದರು. ಒರ್ತಾನ್ಸ್ ಶಾಲಿನೊಳಗಿಂದ ಫಿರ್ಮಿನ್ ಬರೆದ ಪುಟ್ಟ ಚಿತ್ರವೊಂದನ್ನು ತೆಗೆದು, ನಾಲ್ವರಲ್ಲೊಬ್ಬನಾದ ಆರಿಸ್ಟಿಡ್‌ನ ಕೈಗಿಟ್ಟಳು. ಅದೇ ಸೇತುವೆ, ಅದೇ ಬೆಳಗಿನ ಬಿಸಿಲು. ಸೇತುವೆಯ ನಡುವೆ ಮಾತ್ರ ಬೆರಳಗಲ ಜಾಗ ಬಣ್ಣವಿಲ್ಲದೆ ಬಿಳಿಯಾಗಿ ಉಳಿದಿತ್ತು.

"ಬಿಸಿಲಿದ್ದಾಗ್ಲೇ ಇದೊಂದನ್ನಾದ್ರೂ ಮುಗಿಸಿಕೊಡಿ. ಅವರ ಬಣ್ಣದ ಡಬ್ಬೀನೂ ತಂದಿದೀನಿ."

"ಹೆಣ ಇಟ್ಕೊಂಡು ಬಣ್ಣ ಬಳಿಯೋದಾ?" ಸೇತುವೆ ಬದಿಯ ಹೋಟೆಲಿನ ಬಾಸ್ತಿಯೆನ್ ಹಿಂದಿನಿಂದ ಗೊಣಗಿದ. "ಬದುಕಿದ್ದಾಗ್ಲೂ ಎಲ್ಲಾ ಅರ್ಧಂಬರ್ಧಾನೇ. ಆಚೆ ದಡದಲ್ಲಿ ಪಾದ್ರಿಗಳು ಕಾಯ್ತಿದಾರೆ."

"ಕೇಳಿದ್ರಲ್ಲ?" ಒರ್ತಾನ್ಸ್ ಆರಿಸ್ಟಿಡ್‌ನತ್ತ ತಿರುಗಿದಳು. "ಊರೆಲ್ಲ ಹೀಗೇ ಅಂದಿದ್ದು. ಇವತ್ತೂ ಅದನ್ನೇ ಅನ್ನಿಸ್ಕೊಂಡು ಅವರು ಮಣ್ಣಿಗೆ ಹೋಗೋದು ಬೇಡ."

ಆರಿಸ್ಟಿಡ್ ಚಿತ್ರವನ್ನು ಬಿಸಿಲಿಗೆ ಹಿಡಿದು ನೋಡಿದ. ಹಿಮದ ಮೇಲಿನ ನೆರಳು ಕಪ್ಪಲ್ಲ, ನೀಲಿ ಎಂದು ಅವನಿಗೆ ತೋರಿಸಿಕೊಟ್ಟವನೇ ಫಿರ್ಮಿನ್. ಪ್ಯಾರಿಸ್ಸಿನ ದೊಡ್ಡವರು ಇವರ ಚಿತ್ರಗಳನ್ನು ನೋಡಿ ಬಿದ್ದು ಬಿದ್ದು ನಕ್ಕಾಗ ಐವರೂ ಒಂದೇ ರೊಟ್ಟಿ ಹರಿದು ತಿಂದು, ಕಪ್ಪು ಬಣ್ಣವನ್ನು ಇದೇ ನದಿಗೆಸೆದು, ಇನ್ನು ಮುಟ್ಟುವುದಿಲ್ಲವೆಂದು ಆಣೆ ಮಾಡಿದ್ದರು. ಫಿರ್ಮಿನ್‌ನಂಥ ಕೈ ಮಾತ್ರ ಉಳಿದ ಯಾರಿಗೂ ಬರಲಿಲ್ಲ.

"ನಾನು ಕೈಯಿಟ್ರೆ ಕೆಟ್ಟೇ ಹೋಗುತ್ತೆ, ಒರ್ತಾನ್ಸ್. ಅಲ್ಲಿ ಏನು ಬರಬೇಕು ಅಂತಾನೇ ಗೊತ್ತಿಲ್ಲ."

*

ಫಿರ್ಮಿನ್ ಆ ಚಿತ್ರ ಬರೆದ ವಸಂತವೆಲ್ಲ ಒರ್ತಾನ್ಸ್ ಜ್ವರ ಬಂದು ಮಲಗಿದ್ದಳು.

"ಮತ್ತೆ ಅರ್ಧಾನಾ?" ಅವನು ಚಿತ್ರ ತೋರಿಸಿದಾಗ ಅವಳು ಕೇಳಿದಳು. "ಇದೇನಿದು, ನಡುವೆ ತೂತು?"

"ಅಲ್ಲಿಗೆ ಬರಬೇಕಾದವರು ಇನ್ನೂ ಬಂದಿಲ್ಲ."

"ಯಾರು, ಮಂತ್ರಿಗಳಾ?"

ಫಿರ್ಮಿನ್ ನಕ್ಕು, ಕಂಬಳಿಯನ್ನು ಅವಳ ಕತ್ತಿನವರೆಗೆ ಎಳೆದ. "ಬೇಗ ಎದ್ದೇಳು. ನೀನು ತರೋ ಸೂಪಿಲ್ಲದೆ ನದೀನೇ ಸಪ್ಪೆ ಆಗಿದೆ."

ಅವಳು ಎದ್ದಳು. ಅಷ್ಟರಲ್ಲಿ ಅವನು ಮಲಗಿದ.

*

"ಪಾದ್ರಿಗಳಿಗೆ ನಾನೇ ಹೇಳಿ ಬರ್ತೀನಿ," ಎಂದು ಒರ್ತಾನ್ಸ್ ಸೇತುವೆ ಹತ್ತಿದಳು. ಆರಿಸ್ಟಿಡ್ ಒಲ್ಲದ ಮನಸ್ಸಿನಿಂದ ಚಿತ್ರವನ್ನು ಶವಪೆಟ್ಟಿಗೆಗೆ ಒರಗಿಸಿ ತಲೆಯೆತ್ತಿದ. ಅವಳು ನಡುಸೇತುವೆಯಲ್ಲಿ ಉಸಿರು ತೆಗೆದುಕೊಳ್ಳಲು ನಿಂತಿದ್ದಳು.

"ಅಲ್ಲೇ ನಿಲ್ಲಿ!" ಅವನು ಕೂಗಿಯೇಬಿಟ್ಟ. "ಅಲ್ಲಾಡಬೇಡಿ! ಈ ಜಾಗ ನಿಮ್ಮದೇ ಕಣ್ರೀ!"

ಬಾಸ್ತಿಯೆನ್ ಬಂದು ಬಗ್ಗಿ ನೋಡಿದ. ಚಿತ್ರ ನೋಡಿದ, ಸೇತುವೆ ನೋಡಿದ, ಟೋಪಿ ತೆಗೆದ.

"ಅಯ್ಯೋ ದೇವರೇ. ಸೂಪಿನ ಪಾತ್ರೆ ಹಿಡ್ಕೊಂಡು ದಿನಾ ಅಲ್ಲೇ ದಾಟ್ತಿದ್ರಲ್ಲ. ನನ್ನ ಬಾಗಿಲಿಂದ ನಾನೇ ನೋಡ್ತಿದ್ದೆ."

ಅವಳು ಅಡಿಯಿಂದ ಮುಡಿಯವರೆಗೆ ಕಪ್ಪು ಬಟ್ಟೆ ಉಟ್ಟಿದ್ದಳು. ಆರಿಸ್ಟಿಡ್ ಡಬ್ಬಿ ತೆರೆದ. ಅದರಲ್ಲಿ ಕಪ್ಪು ಇರಲಿಲ್ಲ. ಅವನು ನೀಲಿಯನ್ನು ಹಿಂಡಿದ, ಅದಕ್ಕೊಂದಿಷ್ಟು ಕೆಂಪು ಬೆರೆಸಿದ. ಉಳಿದ ಮೂವರು ಬಗ್ಗಿ ಚಿತ್ರವನ್ನು ಪೆಟ್ಟಿಗೆಗೆ ಒತ್ತಿ ಹಿಡಿದರು.

ಸೇತುವೆಯ ಮೇಲೆ ಒರ್ತಾನ್ಸ್ ಅಲ್ಲಾಡದೆ ನಿಂತಿದ್ದಳು, ಸೂಪಿನ ಪಾತ್ರೆ ಹಿಡಿದವಳಂತೆ ಬಲಗೈಯನ್ನು ಮುಂದಕ್ಕೆ ಮಡಿಸಿಕೊಂಡು.