ಎರಡು ಕೈ ಹೆಚ್ಚಿನ ಬಣ್ಣ

ಸೋಮವಾರ ಬೆಳಿಗ್ಗೆ ಅಮ್ಮ ಹಲ್ಲುಜ್ಜಲು ಎದ್ದು ಹೋಗಿದ್ದಾಗ ಅವಳ ಕೋಣೆಯ ಸೀಲಿಂಗಿನಿಂದ ಮೊರದಗಲದ ಗಾರೆ ಕಳಚಿ ದಿಂಬಿನ ಮೇಲೆ ಬಿತ್ತು. ಗೋಡೆಯೊಳಗಿನ ನೀರಿನ ಪೈಪು ಒಡೆದಿತ್ತು.

ಮನೆಗೆ ವಿಮೆ ಇದೆ. ಹಾನಿ ಹಠಾತ್ತಾಗಿ ಆಗಿದ್ದರೆ ರಿಪೇರಿಯ ಖರ್ಚು ವಿಮೆಯವರದು, ಬಹಳ ದಿನದಿಂದ ಸೋರುತ್ತಿದ್ದರೆ ನಮ್ಮದು. ಶುಕ್ರವಾರದೊಳಗೆ ಒಬ್ಬ ಕಂಟ್ರಾಕ್ಟರಿಂದ ವರದಿ ಬರೆಸಿ ಕೊಡಬೇಕು. "ಯಾರ ಹತ್ರ ಮಾಡಿಸ್ತೀರೋ ಅದು ನಿಮಗೆ ಬಿಟ್ಟಿದ್ದು" ಎಂದರು ವಿಮಾ ಕಚೇರಿಯವರು. ಒಂದು ಪೊರಕೆ ಕೊಳ್ಳಲೂ ಮೂರು ಅಂಗಡಿ ಸುತ್ತುವವಳು ನಾನು.

ಮಂಗಳವಾರ ನನ್ನ ತಮ್ಮ ಒಬ್ಬ ಕಂಟ್ರಾಕ್ಟರನ್ನು ಕರೆತಂದ. ಆ ಕಂಟ್ರಾಕ್ಟರು ಬಿಳಿ ಶೂ ಹಾಕಿದ್ದ. ಅದು ಕೊಳೆಯಾದೀತೆಂದು ಕೋಣೆಯ ಹೊಸ್ತಿಲಲ್ಲೇ ನಿಂತು ಮೊಬೈಲಿನಲ್ಲಿ ಆರು ಫೋಟೊ ತೆಗೆದ.

"ಮೇಡಂ, ತಲೆ ಕೆಡಿಸ್ಕೋಬೇಡಿ. ಇಂಥವು ವಾರಕ್ಕೆ ನಾಲ್ಕು ಮಾಡ್ತೀನಿ. ಇಲ್ಲೊಂದು, ಇಲ್ಲೊಂದು ಸೈನ್ ಹಾಕಿ."

ಎರಡನೆಯ ಹಾಳೆಯಲ್ಲಿ, ಕೆಲಸ ಮುಗಿದಿದೆ, ತೃಪ್ತಿಕರವಾಗಿದೆ ಎಂದು ಅಚ್ಚಾಗಿತ್ತು.

"ಇನ್ನೂ ಶುರುವೇ ಆಗಿಲ್ವಲ್ಲ?"

"ಆಮೇಲೆ ನಿಮಗ್ಯಾಕೆ ಓಡಾಟ ಅಂತ."

ನಾನು ನಾಳೆ ಹೇಳುವೆನೆಂದೆ. ಅವನು ಹೋದಮೇಲೆ ತಮ್ಮ ರೇಗಿದ. "ಸಂಜೆ ಕಾಲೇಜಲ್ಲಿ ಓದಿದ್ದು ಇದಕ್ಕೇನಾ ಅಕ್ಕಾ? ಎಲ್ಲದಕ್ಕೂ ಅನುಮಾನ. ಕನ್ನಡಿ ನೋಡ್ಕೊಂಡ್ರೂ ಇದು ನಾನೇನಾ ಅಂತೀಯ!"

ಹಿಂದಿನ ಬೀದಿಯಲ್ಲಿ ಒಬ್ಬ ಮೇಸ್ತ್ರಿ ಮೂರು ವರ್ಷದ ಕೆಳಗೆ ಒಂದು ಮನೆಯ ಬಚ್ಚಲಿನ ಗೋಡೆ ರಿಪೇರಿ ಮಾಡಿದ್ದನೆಂದು ಕೇಳಿದ್ದೆ. ಹೊಸ ಕೆಲಸ ಯಾರದಾದರೂ ಚಂದವೇ ಕಾಣುತ್ತದೆ, ಹಳೆಯದನ್ನು ನೋಡಬೇಕು ಎನ್ನಿಸಿ ಆ ಮನೆಗೆ ಹೋದೆ. ಗೋಡೆಯುದ್ದಕ್ಕೂ ಅಂಗೈ ಒತ್ತಿ ಒತ್ತಿ ನೋಡಿದೆ. ಎಲ್ಲೂ ತಂಪು ಹತ್ತಲಿಲ್ಲ.

"ಜ್ವರ ಇದೆಯಾ ಡಾಕ್ಟ್ರೇ?" ಎಂದು ಆ ಮನೆಯಾಕೆ ನಕ್ಕಳು.

ಬುಧವಾರ ನಾನು ಹೇಳಿಕಳಿಸಿದ ಮೇರೆಗೆ ಆ ಮೇಸ್ತ್ರಿ ಬಂದ. ಚಪ್ಪಲಿ ಹೊರಗೆ ಬಿಟ್ಟು ನೇರ ಗೋಡೆಗೆ ಹೋದ. ಗಾರೆ ಬಳಿಯುವ ಕರಣೆಯ ಹಿಡಿಯಿಂದ ಗೇಣಿಗೊಮ್ಮೆ ತಟ್ಟುತ್ತ, ಕಿವಿಗೊಟ್ಟು ಕೇಳುತ್ತ, ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಹೋದ. ಅಮ್ಮ ಕುರ್ಚಿ ಎಳೆದುಕೊಂಡು ಕೂತು ನೋಡಿದಳು. ಮಂಚದ ತಲೆಭಾಗದ ಮೂಲೆಗೆ ಬಂದಾಗ ಸದ್ದು ಬದಲಾಯಿತು. ಖಾಲಿ ಡಬ್ಬಿ ತಟ್ಟಿದಂತೆ. ಅವನು ಉಗುರಿನಿಂದ ಬಣ್ಣದ ಚಕ್ಕೆ ಎಬ್ಬಿಸಿ ಬೆಳಕಿಗೆ ಹಿಡಿದ.

"ಇಲ್ಲಿ ಮಾತ್ರ ಎರಡು ಕೈ ಬಣ್ಣ ಜಾಸ್ತಿ ಇದೆಯಲ್ಲಮ್ಮ. ಯಾರು ಬಳಿದಿದ್ದು?"

ತಮ್ಮ ನನಗೆ ಕಣ್ಣಿನಲ್ಲೇ ಸುಮ್ಮನಿರು ಎಂದ.

"ನನ್ನ ಮಗಳೇ!" ಎಂದಳು ಅಮ್ಮ, ಬಹುಮಾನ ಬಂದ ಸುದ್ದಿ ಹೇಳುವವಳಂತೆ. "ತಟ್ಟೆಯಷ್ಟು ಕಲೆ ಆಗಿತ್ತು. ಪರೀಕ್ಷೆಗೆ ಓದೋದ್ರ ಮಧ್ಯೆ ಸ್ಟೂಲ್ ಹತ್ತಿ ಬಳಿದುಬಿಟ್ಲು. ಗೊತ್ತೇ ಆಗ್ತಿರ್ಲಿಲ್ಲ, ಅಲ್ವಾ?"

ಎರಡು ವರ್ಷದ ಹಿಂದಿನ ಮಾತು. ಪರೀಕ್ಷೆ ಮುಗಿದಮೇಲೆ ಯಾರಿಗಾದರೂ ತೋರಿಸೋಣವೆಂದುಕೊಂಡಿದ್ದೆ. ಕಲೆ ಕಣ್ಣಿಗೆ ಬೀಳಲಿಲ್ಲ, ಮರೆತೆ. ಮರೆತೆ ಎಂಬುದೂ ಪೂರ್ತಿ ನಿಜವಲ್ಲ. ಹಾಸಿಗೆ ಬದಲಿಸುವಾಗೆಲ್ಲ ಆ ಮೂಲೆಯ ಕಡೆ ನೋಡದೆ ಬದಲಿಸುತ್ತಿದ್ದೆ.

ಮೇಸ್ತ್ರಿ ಚಕ್ಕೆಯನ್ನು ಜೇಬಿಗೆ ಹಾಕಿಕೊಂಡ. "ಪೈಪು ಸೋಮವಾರ ಒಡೀತು. ಈ ಮೂಲೆ ಮುಂಚಿಂದ ನೆನೀತಿತ್ತು. ನಾನು ಎರಡೂ ಬರೀತೀನಿ. ಒಂದೇ ಬರೀಬೇಕು ಅಂದ್ರೆ ಬೇರೆಯವರನ್ನ ನೋಡ್ಕೊಳಿ, ನನಗೇನೂ ಬೇಜಾರಿಲ್ಲ. ಗಾರೆ ಮಾತ್ರ ಅಲ್ಲಿವರೆಗೂ ಕೆಡವ್ಲೇಬೇಕು. ಇದು ಇವತ್ತೋ ನಾಳೆಯೋ ಬೀಳೋ ಪೈಕಿ."

ತಮ್ಮ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದ.

"ಹುಚ್ಚಾ ನಿನಗೆ? ಇವನು ಬರೆದ್ರೆ ವಿಮೆಯವರು ಕೈ ಎತ್ತಿಬಿಡ್ತಾರೆ. ಬಿಳಿ ಶೂನವನು ಅಚ್ಚುಕಟ್ಟಾಗಿ ಮುಗಿಸ್ತಾನೆ. ಮೇಲೊಂದು ಪದರ ಗಾರೆ, ಬಣ್ಣ, ಆಯ್ತು."

"ಅದನ್ನೇ ಅಲ್ವೇನೋ ನಾನು ಮಾಡಿದ್ದು?"

ಅವನು ನಲ್ಲಿಯನ್ನು ತಿರುಗಿಸಿದ, ಮತ್ತೆ ನಿಲ್ಲಿಸಿದ. ಆಮೇಲೆ, "ಕ್ಲೇಮ್ ಬರ್ಲಿಲ್ಲ ಅಂದ್ರೆ?" ಎಂದ.

ನನಗೆ ಕಾಣುತ್ತಿದ್ದುದು ದಿಂಬಿನ ಮೇಲೆ ಬಿದ್ದಿದ್ದ ಆ ಗಾರೆಯಷ್ಟೆ. ಅಮ್ಮ ಹತ್ತು ನಿಮಿಷ ತಡವಾಗಿ ಎದ್ದಿದ್ದರೆ?

ಮೇಸ್ತ್ರಿಯನ್ನೇ ಗೊತ್ತುಮಾಡಿದೆ. ಅವನ ವರದಿಯ ಜೊತೆಗೆ ವಿಮೆಯ ಫಾರಂನಲ್ಲಿ 'ಇತರ ವಿವರ' ಎಂಬಲ್ಲಿ ನಾನೇ ಬರೆದೆ: ಎರಡು ವರ್ಷದ ಹಿಂದೆ ಕಲೆ ಕಂಡಿದ್ದೆ, ಬಣ್ಣ ಬಳಿದಿದ್ದೆ. ಮೂರು ಸಲ ಓದಿ ಸಹಿ ಹಾಕಿ ಕಚೇರಿಗೆ ಕೊಟ್ಟು ಬಂದೆ.

ಗುರುವಾರ ಕಚೇರಿಯಿಂದ ಫೋನು ಬಂತು. ಪೈಪಿನ ಭಾಗವನ್ನೂ ಮೂಲೆಯ ಭಾಗವನ್ನೂ ಬೇರೆ ಬೇರೆಯಾಗಿ ಬಂದು ನೋಡಿಯೇ ಹೇಳುತ್ತಾರಂತೆ; ಬೀಳುವಂತಿರುವ ಗಾರೆಯನ್ನು ಮಾತ್ರ ಫೋಟೊ ತೆಗೆದಿಟ್ಟು ಕೆಡವಬಹುದಂತೆ. ಎಷ್ಟು ಸಿಗುವುದೋ, ಸಿಗುವುದೋ ಇಲ್ಲವೋ ಎಂದು ಹೇಳಲಿಲ್ಲ. ತಮ್ಮ ನನ್ನೊಡನೆ ಮಾತು ಬಿಟ್ಟಿದ್ದ. ಆದರೂ ಸಂಜೆ ಬಂದು, ಮೇಸ್ತ್ರಿ ಆಸರೆಗೆ ಕಂಬ ನಿಲ್ಲಿಸುವಾಗ ಬುಡ ಹಿಡಿದುಕೊಂಡ. ಮಂಚದ ಇನ್ನೊಂದು ತುದಿ ಎತ್ತಿ ಹಾಲಿಗೆ ತಂದವನೂ ಅವನೇ.

ಅಮ್ಮ ಹಾಲಿನ ನಡುವೆ ಮಂಚದ ಮೇಲೆ ಕೂತು, ಮೂಲೆಯ ಗಾರೆ ಉದುರುವ ಸದ್ದು ಕೇಳುತ್ತಿದ್ದಳು. ಒಳಗಿನ ಇಟ್ಟಿಗೆ ಒದ್ದೆಯಾಗಿ ಕಪ್ಪಗೆ ಕಾಣುತ್ತಿತ್ತು.

"ಎಲ್ಲ ಆದ್ಮೇಲೆ ಬಣ್ಣ ನೀನೇ ಬಳೀತೀಯ ತಾನೇ?" ಎಂದಳು. "ಅವತ್ತು ಎಷ್ಟು ಚೆನ್ನಾಗಿ ಬಳಿದಿದ್ದೆ."

"ಮೊದ್ಲು ಒಣಗಲಿ ಅಮ್ಮಾ" ಎಂದೆ.