ಚಂದ್ರಶೇಖರರ ಮೂರು ಕಟ್ಟು

ಯಾರ ಮನೆಗೆ ಹೋದರೂ ಚಂದ್ರಶೇಖರರು ಮೊದಲು ಕೇಳುವ ಪ್ರಶ್ನೆ ಒಂದೇ: "ಇನ್ನೊಂದು ಬಾಗಿಲು ಎಲ್ಲಿದೆ?" ಅದನ್ನು ಕಣ್ಣಾರೆ ಕಂಡು, ಚಿಲಕ ಸಲೀಸಾಗಿ ಸರಿಯುತ್ತದೆಯೇ ಎಂದು ಎಳೆದು ನೋಡಿ, ಮೂಗನ್ನು ತುಸು ಮೇಲೆತ್ತಿ ಎರಡು ಸಲ ಗಾಳಿಯನ್ನು ಮೂಸಿ, ಆಮೇಲಷ್ಟೇ ಕುರ್ಚಿಯ ತುದಿಯಲ್ಲಿ ಕೂರುತ್ತಾರೆ. ಗೃಹಪ್ರವೇಶಕ್ಕೆ ಹೋದಲ್ಲಿ ಹೋಮಕುಂಡದ ಪಕ್ಕಕ್ಕೆ ತಾವೇ ಎರಡು ಬಕೆಟ್ ನೀರು ತಂದಿಟ್ಟು ಪುರೋಹಿತರ ಕೋಪಕ್ಕೆ ಗುರಿಯಾದ ಪುಣ್ಯಾತ್ಮರು ಅವರು. ನಡೆಯುವಾಗಲೂ ರಸ್ತೆಯ ನಡುವೆ ಬಾರದೆ, ಗೋಡೆಗೆ ಭುಜ ತಾಗಿತೋ ಇಲ್ಲವೋ ಎಂಬಂತೆ, ಮೇಲಿನ ಕರೆಂಟು ತಂತಿಗಳನ್ನು ನೋಡುತ್ತ ಸಾಗುತ್ತಾರೆ.

ಅವರ ಈ ಸ್ವಭಾವಕ್ಕೆ ಉದ್ಯೋಗವೂ ಒಂದು ಕಾರಣ. ಹಾಸನದ ಕಡೆಯಿಂದ ವರ್ಗವಾಗಿ ವಡೋದರಾಕ್ಕೆ ಬಂದ ಚಂದ್ರಶೇಖರರು ಮೂವತ್ತೊಂದು ವರ್ಷ ವಿಮಾ ಕಂಪನಿಯಲ್ಲಿ ಕಾರ್ಖಾನೆಗಳ ಬೆಂಕಿಯ ಅಪಾಯವನ್ನು ಅಂದಾಜು ಮಾಡಿದವರು. ಅಹಮದಾಬಾದಿನ ವಟ್ವಾದ ಬಣ್ಣದ ಪೀಪಾಯಿಗಳ ನಡುವೆ, ಸೂರತ್ತಿನ ಬಳಿಯ ಸಚಿನ್ ಎಂಬ ಊರಿನ ಬಟ್ಟೆಯ ಉಗ್ರಾಣಗಳಲ್ಲಿ, ನಾಲ್ಕು ಜೇಬಿನ ಖಾಕಿ ಕೋಟು ತೊಟ್ಟು ಓಡಾಡಿದರು. ಒಂದು ಜೇಬಿನಲ್ಲಿ ಟಾರ್ಚು, ಇನ್ನೊಂದರಲ್ಲಿ ಅಳತೆಯ ಟೇಪು, ಮೂರನೆಯದರಲ್ಲಿ ಟಿಪ್ಪಣಿ ಪುಸ್ತಕ, ನಾಲ್ಕನೆಯದರಲ್ಲಿ ಹೊಗೆ ಬಂದರೆ ಮೂಗಿಗೆ ಕಟ್ಟಿಕೊಳ್ಳಲು ದೊಡ್ಡದೊಂದು ಕರವಸ್ತ್ರ. ನಿವೃತ್ತಿಯಾದ ಮೇಲೂ ಆ ಕೋಟು ಬಿಟ್ಟಿಲ್ಲ. ಮಾಲೀಕರಿಗೆ ಅವರು ಹೇಳುತ್ತಿದ್ದ ಮಂತ್ರ ಒಂದೇ: ಎಲ್ಲವನ್ನೂ ಒಂದೇ ಗೋಡೌನಿನಲ್ಲಿ ಇಡಬೇಡಿ. ಒಮ್ಮೆ ಸಚಿನ್‌ನಲ್ಲಿ ಒಬ್ಬ ಸೇಠ್ ಈ ಮಾತಿಗೆ ನಕ್ಕು ಚಹಾ ಕುಡಿಸಿ ಕಳಿಸಿದ್ದ. ತಿಂಗಳಾಗುವಷ್ಟರಲ್ಲಿ ಅದೇ ಗೋಡೌನಿನ ಬೂದಿಯ ಮೇಲೆ ನಿಂತು ಚಂದ್ರಶೇಖರರು ವರದಿ ಬರೆದರು. ಆ ದಿನ ಮೂರು ಸಲ ಸ್ನಾನ ಮಾಡಿದರೂ ಮೈಯಿಂದ ಸುಟ್ಟ ವಾಸನೆ ಹೋಗಲಿಲ್ಲವಂತೆ.

ಇಂಥವರ ಮನೆಯೊಳಗೆ ನಿಜವಾದ ಭಯ ಕಾಲಿಟ್ಟದ್ದು ಕಳೆದ ವರ್ಷ. ಹೆಂಡತಿ ಇಂದಿರಾ ಅವರ ಕುತ್ತಿಗೆಯಲ್ಲಿ ಗಂಟೊಂದು ಕಾಣಿಸಿಕೊಂಡಿತು. ಆಪರೇಷನ್ ಆಗಲೇಬೇಕು, ದನಿಯ ನರ ಗಂಟಿನ ಪಕ್ಕದಲ್ಲೇ ಹಾದುಹೋಗುತ್ತದೆ, ಆಮೇಲೆ ದನಿ ಹೇಗಿರುತ್ತದೋ ಹೇಳಲಾಗದು ಎಂದರು ಡಾಕ್ಟರು. ಇಂದಿರಾ ಸಭೆಗಳಲ್ಲಿ ಹಾಡಿದವರಲ್ಲ. ತಾಯಿಯಿಂದ ಕಲಿತ ಹಸೆಯ ಹಾಡು, ಹೂ ಕಟ್ಟುವ ಹಾಡು, ತೊಟ್ಟಿಲ ಹಾಡುಗಳನ್ನು ಒಗ್ಗರಣೆ ಹಾಕುತ್ತಲೋ ಬಟ್ಟೆ ಮಡಿಸುತ್ತಲೋ ಹಾಡಿಕೊಳ್ಳುವವರು. ಆ ದನಿ ಇಲ್ಲದ ಮನೆಯನ್ನು ನೆನೆದಾಗಲೆಲ್ಲ ಚಂದ್ರಶೇಖರರು ಎದ್ದು ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದರು.

ಉಪಾಯ ಹೇಳಿದ್ದು ಅಹಮದಾಬಾದಿನ ಮಣಿನಗರದಲ್ಲಿರುವ ಮಗಳು ವರ್ಷಿಣಿ. ಅಲ್ಲೊಂದು ಸಣ್ಣ ಕಂಪನಿ ಗರ್ಬಾ ಹಾಡುಗಳ ಕಾರ್ಡು ಮಾಡುತ್ತಿತ್ತು. ಚಿತ್ರವಿರುವ ಕಾರ್ಡನ್ನು ಮೊಬೈಲಿಗೆ ತಾಗಿಸಿದರೆ ಸಾಕು, ಹಾಡು ಶುರು. ನವರಾತ್ರಿಯಲ್ಲಿ ಕಾಲೇಜು ಹುಡುಗಿಯರು ಅವನ್ನು ಜಿದ್ದಿಗೆ ಬಿದ್ದು ಕೂಡಿಡುತ್ತಿದ್ದರು. ಕೇಳಿದರೆ ಕಂಪನಿಯವರು ಮನೆಮಂದಿ ಹಾಡಿದ ಹಾಡುಗಳಿಗೂ ಕಾರ್ಡು ಮಾಡಿಕೊಡುತ್ತಿದ್ದರು. ಆಪರೇಷನ್ನಿಗೆ ನಾಲ್ಕು ದಿನ ಮುಂಚೆ ಇಂದಿರಾ ಹನ್ನೆರಡು ಹಾಡು ಹಾಡಿದರು, ವರ್ಷಿಣಿ ತನ್ನ ಫೋನಿನಲ್ಲಿ ಹಿಡಿದಳು. ಚಂದ್ರಶೇಖರರು ಫ್ಯಾನು ಆರಿಸಿ, ಪಕ್ಕದ ಮನೆಯ ಕುಕ್ಕರನ್ನು ಬೇಡಿಕೊಂಡು ನಿಲ್ಲಿಸಿ, ಚಾಕು ಸಾಣೆ ಹಿಡಿಯುವವನನ್ನು ಗೇಟಿನಿಂದಾಚೆ ಕಳಿಸಿ, ಬಾಗಿಲಲ್ಲಿ ಕಾವಲು ನಿಂತರು. ಕಾರ್ಡುಗಳ ಮೇಲೆ ಹನ್ನೆರಡು ಹಳೆಯ ಫೋಟೋಗಳು ಅಚ್ಚಾದವು. ಒಂದು ಕಟ್ಟು ಸಾಕೆಂದಳು ಮಗಳು. ಮೂರು ಬೇಕೆಂದರು ಅಪ್ಪ. ಒಂದು ವಡೋದರಾದ ತಮ್ಮ ಬೀರುವಿನಲ್ಲಿ, ಒಂದು ಅಹಮದಾಬಾದಿನಲ್ಲಿ ಮಗಳ ಬಳಿ, ಇನ್ನೊಂದು ಸೂರತ್ತಿನ ಕತಾರ್‌ಗಾಮ್‌ನಲ್ಲಿ ಉಡುಪಿ ಹೋಟೆಲು ನಡೆಸುವ ಗೆಳೆಯ ಬಾಲಕೃಷ್ಣರ ಬಳಿ. ಒಂದು ಊರು ಸುಟ್ಟುಹೋದರೂ ಎರಡು ಊರಲ್ಲಿ ಇಂದಿರಾ ಹಾಡುತ್ತಿರಬೇಕು ಎಂಬುದು ಅವರ ಲೆಕ್ಕಾಚಾರ.

ಗಂಟು ಹೋಯಿತು, ಜೀವ ಉಳಿಯಿತು, ಆದರೆ ದನಿ ಅರ್ಧವಾಯಿತು. ಹರಿದ ಬಟ್ಟೆಯ ಸದ್ದಿನಂಥ ದನಿ. ಇಂದಿರಾ ಹಾಡುವುದನ್ನು ನಿಲ್ಲಿಸಿದರು. ಚಂದ್ರಶೇಖರರು ಮಾತ್ರ ದಿನಾ ಬೆಳಿಗ್ಗೆ ಕೋಟು ತೊಟ್ಟು ಕಾರ್ಡುಗಳನ್ನು ತಪಾಸಣೆಗೆ ತೆಗೆಯುತ್ತಿದ್ದರು. ಒಂದನ್ನು ತಾಗಿಸುವುದು, ಮೊದಲ ಸಾಲು ಬಂತೇ, ಸರಿ, ನಿಲ್ಲಿಸುವುದು, ಮುಂದಿನದು. ಹನ್ನೆರಡು ಕಾರ್ಡಿಗೆ ನಾಲ್ಕು ನಿಮಿಷ. ತನ್ನದೇ ಹಳೆಯ ದನಿ ಹನ್ನೆರಡು ಸಲ ಶುರುವಾಗಿ ಹನ್ನೆರಡು ಸಲ ತುಂಡಾಗುವುದನ್ನು ಇಂದಿರಾ ಅಡುಗೆಮನೆಯಲ್ಲಿ ನಿಂತು ಕೇಳುತ್ತಿದ್ದರು.

ಒಂದು ಬುಧವಾರ ಬೆಳಿಗ್ಗೆ ಮೊದಲ ಕಾರ್ಡು ಮಾತಾಡಲಿಲ್ಲ. ಪರದೆಯ ಮೇಲೆ ಸಣ್ಣ ಚಕ್ರವೊಂದು ಸುಮ್ಮನೆ ಸುತ್ತುತ್ತಿತ್ತು. ಎರಡನೆಯದೂ ಅಷ್ಟೇ, ಹನ್ನೆರಡನೆಯದೂ ಅಷ್ಟೇ. ಕೂಡಲೇ ಸೂರತ್ತಿಗೆ ಫೋನು ಮಾಡಿದರು.

"ಇಲ್ಲಿಯೂ ಸುಮ್ನೆ ತಿರುಗ್ತಾ ಉಂಟು ಮಾರಾಯ್ರೆ, ಹಾಡು ಬರುದಿಲ್ಲ" ಎಂದರು ಬಾಲಕೃಷ್ಣ.

ಮಗಳಿಗೆ ಮಾಡಿದರು. ಅವಳದೂ ಮೂಕ.

"ಅಪ್ಪಾ, ಕಾರ್ಡಲ್ಲಿ ಹಾಡಿಲ್ಲ, ಅಡ್ರೆಸ್ ಮಾತ್ರ ಇರೋದು. ಹಾಡೆಲ್ಲಾ ಕಂಪನಿ ಸರ್ವರ್‌ನಲ್ಲಿದೆ, ಅವ್ರ ದೊಡ್ಡ ಕಂಪ್ಯೂಟರಲ್ಲಿ. ಮೂರೂ ಸೆಟ್ಟಿಗೂ ಸೇಮ್ ಜಾಗ."

"ಒಂದೇ ಜಾಗವಾ?"

"ಹಾ, ಒಂದೇ."

ರೆಕಾರ್ಡು ಮಾಡಿದ ಫೋನನ್ನು ಅವಳು ಎಂದೋ ಬದಲಾಯಿಸಿ ಹೊಸದು ತಂದಿದ್ದಳು. ಇಡೀ ಗುಜರಾತಿಗೆ ಬುದ್ಧಿ ಹೇಳಿದ ಮನುಷ್ಯ ತನ್ನದೆಲ್ಲವನ್ನೂ ಒಂದೇ ಗೋಡೌನಿನಲ್ಲಿ ಪೇರಿಸಿ, ಅದರ ಬೀಗದ ಕೈಗಳನ್ನಷ್ಟೇ ಮೂರು ಊರಿಗೆ ಹಂಚಿದ್ದ. ಬೆಂಕಿಯಿಲ್ಲ, ಹೊಗೆಯಿಲ್ಲ; ಮೂಸಿ ನೋಡಲು ಏನೂ ಇಲ್ಲದ ಈ ಅಪಾಯ ಅವರ ಯಾವ ಅಂದಾಜಿಗೂ ಸಿಕ್ಕಿರಲಿಲ್ಲ. ಎರಡು ದಿನ ಗಳಿಗೆಗೊಮ್ಮೆ ಕಾರ್ಡುಗಳನ್ನು ತಾಗಿಸಿ ನೋಡಿದರು.

ಶುಕ್ರವಾರ ಮಧ್ಯಾಹ್ನ ಕಂಪನಿಯವರು ಕೆಟ್ಟ ಸರ್ವರನ್ನು ಸರಿಪಡಿಸಿದಾಗ ಹನ್ನೊಂದು ಹಾಡು ಮರಳಿದವು. ವರ್ಷಿಣಿ ಕೂಡಲೇ ಅವನ್ನೆಲ್ಲ ತನ್ನ ಕಂಪ್ಯೂಟರಿಗೆ ಇಳಿಸಿಕೊಂಡಳು. ಮರಳದ್ದು ಮೂರನೆಯ ಕಾರ್ಡು, ಹೂ ಕಟ್ಟುವ ಹಾಡು. ಹೆಸರು ಕಳೆದುಕೊಂಡ ಸಾವಿರಾರು ಹಾಡುಗಳ ರಾಶಿಯಲ್ಲಿ ಅದು ಎಲ್ಲೋ ಇರಬಹುದು, ಸಾಲುಗಳನ್ನು ಬರೆದು ಕಳಿಸಿದರೆ ಹುಡುಕುತ್ತೇವೆ ಎಂದಿತ್ತು ಕಂಪನಿ. ವರ್ಷಿಣಿ ಫೋನಿನಲ್ಲೇ ಕೇಳಿದಳು: "ಅಪ್ಪಾ, ನಂಗೆ ಆ ಕನ್ನಡ ಎಲ್ಲಾ ಬರಲ್ಲ. ನೀನು ಡೈಲಿ ಕೇಳ್ತೀಯಲ್ಲ, ಬೇಗ ಹೇಳು."

ಚಂದ್ರಶೇಖರರು ಮೊದಲ ಸಾಲು ಹೇಳಿದರು.

"ಹಾ, ಮುಂದೆ?"

ಮುಂದೆ ಅವರಿಗೆ ಗೊತ್ತಿರಲಿಲ್ಲ. ಇನ್ನೂರು ಬೆಳಗು ಆ ಕಾರ್ಡನ್ನು ತಾಗಿಸಿದ್ದರು, ಒಂದು ಬೆಳಗೂ ಎರಡನೆಯ ಸಾಲಿನ ತನಕ ಕೂತಿರಲಿಲ್ಲ. ಕಳೆದುಹೋದದ್ದು ಏನೆಂದು ಹೇಳಲು ಕೂಡ ಅವರ ಬಳಿ ಏನೂ ಇರಲಿಲ್ಲ. ಆ ಕ್ಷಣ ಅವರಿಗಾದ ಹೆದರಿಕೆ ಯಾವ ಕಾರ್ಖಾನೆಯಲ್ಲೂ ಆಗಿರಲಿಲ್ಲ.

ಇಂದಿರಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಎದುರಿಗೆ ಕೂತರು. "ನೀವು ಕೇಳ್ಲಿ ಅಂತ ಹಾಡಿದ್ದು ರೀ. ಇದೆಯಾ ಇಲ್ವಾ ಅಂತ ನೋಡೋಕಲ್ಲ" ಎಂದು, ಆ ಅರ್ಧ ದನಿಯಲ್ಲೇ ಹಾಡತೊಡಗಿದರು. ಮೇಲಕ್ಕೆ ಹೋಗಬೇಕಾದಲ್ಲಿ ದನಿ ಒಡೆಯಿತು. ತಡೆದು, ಉಸಿರು ತೆಗೆದುಕೊಂಡು, ಒಡೆದಲ್ಲಿಂದಲೇ ಮತ್ತೆ ಹಿಡಿದರು. ಚಂದ್ರಶೇಖರರ ಕೈಯಲ್ಲಿ ಪೆನ್ನಿತ್ತು.

"ಬರ್ಕೊಂಡ್ರಾ?"

"ಇಲ್ಲ ಇಂದೂ" ಎಂದರು. ಹಾಳೆ ಖಾಲಿಯಾಗಿತ್ತು. "ಇನ್ನೊಂದ್ಸಲ ಹೇಳು."

ಆ ಹಾಳೆ ಕಂಪನಿಗೆ ಹೋಗಲೇ ಇಲ್ಲ; ಮೂರನೆಯ ಕಾರ್ಡು ಇಂದಿಗೂ ಮೂರು ಊರಲ್ಲೂ ಮೂಕವೇ. ಚಂದ್ರಶೇಖರರು ಇಂದಿಗೂ ಬಾಗಿಲು ಹುಡುಕುತ್ತಾರೆ, ಗಾಳಿ ಮೂಸುತ್ತಾರೆ. ಹುಟ್ಟುಗುಣ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಆದರೆ ಬೆಳಗಿನ ತಪಾಸಣೆಯ ಹೊತ್ತಿನಲ್ಲಿ ಈಗ ಹೆಂಡತಿಯ ಮುಂದೆ ಕೂತು ಸಾಲು ಕಲಿಯುತ್ತಾರೆ. ಇಂಥ ಅಂಜುಬುರುಕರು ಒಂದೊಂದು ಮನೆಯಲ್ಲಿ ಒಬ್ಬೊಬ್ಬರು ಇದ್ದೇ ಇರುತ್ತಾರೆ. ನಾವು ಅವರನ್ನು ಗೇಲಿ ಮಾಡುತ್ತ ಅವರ ಕಾವಲಿನಲ್ಲೇ ನಿಶ್ಚಿಂತೆಯಿಂದ ನಿದ್ದೆ ಮಾಡುತ್ತೇವೆ. ಅವರ ಅಂಜಿಕೆಯೆಲ್ಲ ಪ್ರೀತಿಯೇ, ಅನುಮಾನವಿಲ್ಲ. ಆದರೂ ಆಯುಷ್ಯವಿಡೀ ಉಗ್ರಾಣದ ಬಾಗಿಲು ಕಾದು ಒಳಗಿನ ಅನ್ನವನ್ನು ಒಂದು ತುತ್ತೂ ಉಣ್ಣದೆ ಹೋಗುವವರೇ ಅವರಲ್ಲಿ ಹೆಚ್ಚು, ಒಳಗೆ ಬಂದು ಕೂತುಕೊಳ್ಳಿ ಎಂದು ಯಾರಾದರೂ ಒಡೆದ ದನಿಯಲ್ಲಾದರೂ ಕರೆಯುವ ತನಕ.