ನಲವತ್ತಮೂರು ಸಹಿ

ಮೂರನೆಯ ಕೊಡದ ನೀರೂ ಹಳದಿಯಾಗಿಯೇ ಮೇಲೆ ಬಂದಾಗ ಪೈನೆಮ್ ಹಗ್ಗ ಕೈಬಿಟ್ಟಳು. ಒಳಗೆ ಬಿದಿರ ಮಂಚದ ಮೇಲೆ ಗಂಡ ಕಸಿರಾನ್‌ನ ಹೆಣ ಸ್ನಾನಕ್ಕೆ ಕಾದಿತ್ತು. ಗುಡ್ಡದಾಚೆಯ ಕಲ್ಲಿದ್ದಲು ಗಣಿ ಆಳವಾದ ಹಾಗೆಲ್ಲ ಕೇರಿಯ ಬಾವಿಗಳು ಹೀಗೆ ಕೆಟ್ಟಿದ್ದವು. ಬದುಕಿದ್ದವರು ಆ ನೀರನ್ನೇ ಬಟ್ಟೆಯಲ್ಲಿ ಸೋಸಿ ಮೀಯುತ್ತಿದ್ದರು. ಹೆಣಕ್ಕೆ ಸುರಿಯಲು ಅವಳಿಗೆ ಮನಸ್ಸಾಗಲಿಲ್ಲ.

ಪಕ್ಕದ ಮನೆಯ ತುಕಿಯೆಮ್ ಎರಡು ಬಕೆಟ್ ಮಳೆನೀರು ತಂದು ಮೆಟ್ಟಿಲ ಬಳಿ ಇಟ್ಟಳು. ವರ್ಷದಿಂದ ಈ ಮನೆಯತ್ತ ತಲೆ ಹಾಕಿರದ ಹೆಂಗಸು.

“ಸತ್ತೋನಿಗೆ ಅಂತ ತಂದಿದೀನಿ,” ಎಂದಳು. “ಮಾತಾಡೋಕೆ ಬಂದೆ ಅಂದ್ಕೋಬೇಡ.”

* * *

ಜಾವಾದಿಂದ ಸರ್ಕಾರವೇ ಹಡಗಿನಲ್ಲಿ ತಂದು ಕಲಿಮಂತಾನ್ ದ್ವೀಪದ ಕಾಡಂಚಿಗೆ ಬಿಟ್ಟ ನಲವತ್ತಮೂರು ಮನೆಗಳ ಕೇರಿ ಅದು. ಎಂಟು ವರ್ಷದ ಹಿಂದೆ ಕಸಿರಾನ್ ಅದರ ಮುಖ್ಯಸ್ಥ. ಬೆಳಿಗ್ಗೆ ಯಾರದೋ ಅರ್ಜಿ ಬರೆದುಕೊಡುವುದು, ಮಧ್ಯಾಹ್ನ ತನ್ನ ಗದ್ದೆ, ಸಂಜೆ ಯಾರದೋ ಜಗಳ. ಅಷ್ಟೇ ಅವನ ಅಧಿಕಾರ.

ಗಣಿಗೆ ಪರವಾನಗಿ ಕೊಡುವ ಮುನ್ನ ಜನರ ಮಾತು ಕೇಳುವ ಸಭೆ ಇದೆ ಎಂದಾಗ, ಇದ್ದೊಂದು ಚಿತ್ತಾರದ ಬಾತಿಕ್ ಅಂಗಿ ತೊಟ್ಟು ಅವನು ಮನೆಮನೆಗೆ ಹೋದ. ಒಲ್ಲೆನೆಂದವರನ್ನು ಗದರಿಸಿ, ನಗಿಸಿ ಹೊರಡಿಸಿದ. ಸಭೆಯ ಬಾಗಿಲಲ್ಲಿ ಹಾಜರಿಗೆ ಸಹಿ ಹಾಕಲು ಹಿಂಜರಿದ ತುಕಿಯೆಮ್‌ಗೆ, “ಹೆಸರೇ ಇಲ್ದಿದ್ರೆ ಇಲ್ಲಿ ಮನುಷ್ಯರಿದಾರೆ ಅಂತ ಅವರಿಗೆ ಹೆಂಗೆ ಗೊತ್ತಾಗ್ಬೇಕು ಹೇಳು,” ಎಂದ. ಮನೆಗೊಬ್ಬರಂತೆ ಎಲ್ಲರೂ ಹಾಜರಿ ಹಾಳೆಗೆ ಸಹಿ ಹಾಕಿ, ಕೋಳಿತುಂಡಿನ ಅನ್ನದ ಪೊಟ್ಟಣ ಹಿಡಿದು ಕೂತು, ಗಣಿ ಬೇಡವೆಂದು ಹೇಳಿ ಬಂದರು. ಗಣಿ ಬಂತು.

ಕಳೆದ ವರ್ಷ ಪರವಾನಗಿಯ ಮರುಪರಿಶೀಲನೆ ಎಂದು ಪ್ರಕಟವಾದಾಗ ಕಸಿರಾನ್‌ಗೆ ಹೋದ ಜೀವ ಬಂತು. ಬಾಟಲಿಯಲ್ಲಿ ಬಾವಿನೀರು ತುಂಬಿಕೊಂಡು ಹೆಂಡತಿಯೊಡನೆ ದೋಣಿ ಹತ್ತಿದ. ಜಿಲ್ಲಾ ಕಚೇರಿಯ ಅಧಿಕಾರಿ ಮರ್ಯಾದಸ್ಥ. ಕುರ್ಚಿ ಕೊಟ್ಟು, ಕಡತವನ್ನು ಇವರತ್ತ ತಿರುಗಿಸಿ ತೋರಿಸಿದ. ಹಾಳೆಯ ನೆತ್ತಿಯಲ್ಲಿ ಟೈಪಾದ ಸಾಲು: ಭೂಮಿ ಮತ್ತು ಪರಿಸರದ ಬಗ್ಗೆ ನಿವಾಸಿಗಳ ಒಪ್ಪಿಗೆ. ಕೆಳಗೆ ಅದೇ ನಲವತ್ತಮೂರು ಸಹಿ.

“ಇದು ಅವತ್ತಿನ ಸಭೆಯ ಹಾಜರಿ ಸ್ವಾಮಿ, ಮೇಲಿನ ಸಾಲು ಅವತ್ತು ಇರ್ಲಿಲ್ಲ,” ಎಂದ ಕಸಿರಾನ್.

“ಮೊದಲನೇ ಸಹಿ ನಿಮ್ದೇ ಅಲ್ವಾ?”

“ನಂದೇ.”

“ಮತ್ತೆ?”

ಬಾಟಲಿಯನ್ನು ಯಾರೂ ಮುಟ್ಟಲಿಲ್ಲ. ಎಲ್ಲವೂ ಕ್ರಮಬದ್ಧವಾಗಿದೆ ಎಂದು ವರದಿಯಾಯಿತು. ಪರವಾನಗಿ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಯಿತು.

ಯಾರಿಗೂ ಹೇಳಬೇಡವೆಂದು ಪೈನೆಮ್ ಕಾಲು ಹಿಡಿದಳು. ಅವನು ಕೇಳಲಿಲ್ಲ. ಮರುದಿನ ಅದೇ ಅಂಗಿ ತೊಟ್ಟು ನಲವತ್ತೆರಡು ಬಾಗಿಲಿಗೂ ಹೋಗಿ, ನಿಮ್ಮ ಸಹಿಯನ್ನು ಹೀಗೆ ಮಾಡಿದ್ದಾರೆ, ಹಾಕಿಸಿದವನು ನಾನು ಎಂದು ತಾನೇ ಹೇಳಿ ಬಂದ. ಕೆಲವರು ಬಾಗಿಲು ಹಾಕಿಕೊಂಡರು. ತುಕಿಯೆಮ್‌ಳ ಗಂಡ ಅಂಗಳದಲ್ಲಿ ಉಗಿದ. ಆಮೇಲೆ ಅರ್ಜಿ ಬರೆಸಲು ಯಾರೂ ಬರಲಿಲ್ಲ. ಕಸಿರಾನ್‌ನ ಊಟ ಎರಡು ತುತ್ತಿಗೆ ಇಳಿಯಿತು, ಆಮೇಲೆ ಕೆಮ್ಮು ಹತ್ತಿತು.

* * *

ಚಟ್ಟ ಎತ್ತುವ ಮುಂಚೆ ಮಸೀದಿಯ ಹಿರಿಯರು ಪದ್ಧತಿಯಂತೆ ಸೇರಿದವರನ್ನು ಕೇಳಿದರು: “ಇವರು ಒಳ್ಳೆಯವರಾಗಿದ್ದರೇ?”

ಎಲ್ಲ ಸಾವಿನಲ್ಲೂ ಈ ಪ್ರಶ್ನೆ ಮುಗಿಯುವ ಮುಂಚೆಯೇ ಉತ್ತರ ಬರುತ್ತದೆ. ಈಗ ಬರಲಿಲ್ಲ. ಗಂಡಸರು ತಮ್ಮ ಪಾದ ನೋಡುತ್ತ ನಿಂತರು. ಪೈನೆಮ್ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಹಿರಿಯರು ಎರಡನೆಯ ಸಲ ಕೇಳಿದರು.

“ಒಳ್ಳೆಯವ್ನೇ,” ಎಂದಳು ಹೆಂಗಸರ ಸಾಲಿನಿಂದ ತುಕಿಯೆಮ್. “ಕೆಟ್ಟೋನಾಗಿದ್ರೆ ಅವತ್ತು ಅವನ ಮಾತು ಯಾರು ಕೇಳ್ತಿದ್ರು?”

ಆಮೇಲೆ ಅಲ್ಲಲ್ಲಿ, ಒಳ್ಳೆಯವರು, ಒಳ್ಳೆಯವರು ಎಂದು ಗೊಣಗಿದರು. ಚಟ್ಟ ಎದ್ದಿತು.

ಮಣ್ಣು ಮಾಡಿ ಬಂದವರು ಚಾಪೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದಾಗ ಗ್ರಾಮ ಕಚೇರಿಯ ಗುಮಾಸ್ತ ಹೆರ್ಲಾಂಬಾಂಗ್ ಬಂದ. ಮರಣ ಪತ್ರಕ್ಕೆ ಇಬ್ಬರು ಸಾಕ್ಷಿ ಬೇಕು ಎಂದು ಹಾಳೆ, ಪೆನ್ನು ಮುಂದೆ ಚಾಚಿದ. ಮೊದಲನೆಯವನು ಅದನ್ನು ಪಕ್ಕದವನಿಗೆ ಕೊಟ್ಟ. ಅವನು ಹಿಂದುಮುಂದು ತಿರುಗಿಸಿ ನೋಡಿ ಮುಂದಕ್ಕೆ ದಾಟಿಸಿದ.

“ಸತ್ತಿದಾರೆ ಅಂತ ಅಷ್ಟೇ,” ಎಂದ ಗುಮಾಸ್ತ. “ಬೇರೇನೂ ಇಲ್ಲ ಇದ್ರಲ್ಲಿ.”

ತುಕಿಯೆಮ್ ಅವನಿಂದಲೇ ಪೂರಾ ಓದಿಸಿದಳು. ಹಿಂಬದಿಯನ್ನೂ ಓದು ಎಂದಳು. ಹಿಂಬದಿ ಖಾಲಿಯಿತ್ತು. ಅಲ್ಲಿ ಆಮೇಲೆ ಏನು ಬರೆಯುತ್ತಾರೋ ಎಂದು ಅವಳ ಕೈ ಪೆನ್ನಿನಿಂದ ಹಿಂದೆ ಸರಿಯಿತು.

ಗುಮಾಸ್ತ ಹಾಳೆಯನ್ನು ಚಾಪೆಯ ಮೇಲಿಟ್ಟು, ಹಾರದಂತೆ ಮೇಲೊಂದು ಲೋಟ ಕೂರಿಸಿ, ನಾಳೆ ಬರುತ್ತೇನೆಂದು ಹೋದ. ಬಂದವರು ಒಬ್ಬೊಬ್ಬರಾಗಿ ಎದ್ದರು. ಮಲಗಿದ ಮಗುವನ್ನು ಬಳಸಿ ನಡೆಯುವ ಹಾಗೆ, ಆ ಹಾಳೆಗೆ ಕಾಲು ತಾಗದಂತೆ ಅದನ್ನು ಬಳಸಿಕೊಂಡು ಅಂಗಳಕ್ಕಿಳಿದರು.